ಪಾಳಿ ಪಟ್ಟಿ ಎಲ್ಲಿ ತಪ್ಪುತ್ತಿದೆ? ಲಕ್ಷಣ ಹಿಡಿದು ಕಾರಣ ಹುಡುಕುವ ಕೈಪಿಡಿ

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ರೈಸ್ ಮಿಲ್ಲುಗಳು, ಬಳ್ಳಾರಿಯ ಜೀನ್ಸ್ ಘಟಕಗಳು, ಕೊಪ್ಪಳದ ಗಿಣಿಗೇರಿ ಸುತ್ತಿನ ಕಬ್ಬಿಣದ ಕಾರ್ಖಾನೆಗಳು, ರಾಯಚೂರಿನ ನರ್ಸಿಂಗ್ ಹೋಮ್‌ಗಳು, ಇವುಗಳ ಕೆಲಸ ಬೇರೆ ಬೇರೆ. ಪಾಳಿ ಪಟ್ಟಿ ಕೆಡುವ ರೀತಿ ಮಾತ್ರ ಹೆಚ್ಚುಕಡಿಮೆ ಒಂದೇ. ತಿಂಗಳ ಕೊನೆಗೆ ಪಗಾರದಲ್ಲಿ ಜಗಳ, ಬೆಳಗಿನ ಜಾವ ಮೇಸ್ತ್ರಿಗೆ ಫೋನು, ಒಂದೇ ಜನರ ಮೇಲೆ ಮತ್ತೆ ಮತ್ತೆ ಡಬಲ್ ಡ್ಯೂಟಿ. ಆಗ ಮಾಲೀಕರ ಬಾಯಲ್ಲಿ ಮೊದಲು ಬರುವ ಮಾತು, 'ಹೊಸ ಸಾಫ್ಟ್‌ವೇರ್ ತರೋಣ'.

ತರಬಹುದು. ಒಳ್ಳೆಯ ಸಾಫ್ಟ್‌ವೇರ್ ತಪ್ಪುಗಳನ್ನು ನಿಜಕ್ಕೂ ಕಡಿಮೆ ಮಾಡುತ್ತದೆ. ಆದರೆ ಯಾರು ಕೆಲಸಗಾರರು, ಯಾವ ದಿನ ಯಾವುದಕ್ಕೆ ಸೇರುತ್ತದೆ, ಯಾವ ನಿಯಮ ಮುರಿಯಬಾರದು ಎಂಬ ಮೂರು ಸಂಗತಿ ಗೊಂದಲದಲ್ಲಿದ್ದರೆ, ಹೊಸದೂ ಅದೇ ತಪ್ಪನ್ನು ಇನ್ನಷ್ಟು ವೇಗವಾಗಿ ಮಾಡುತ್ತದೆ. ಹಾಗಾಗಿ ಈ ಕೈಪಿಡಿ ಕಾಸು ಖರ್ಚಿಲ್ಲದ ಪರೀಕ್ಷೆಗಳಿಂದ ಶುರುವಾಗುತ್ತದೆ. ನಿಮಗೆ ಕಾಣುತ್ತಿರುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರವಾಗಿ ಹೋಗಬಹುದು. ಅದಕ್ಕೂ ಮುಂಚೆ ಮುಂದಿನ ಭಾಗವನ್ನು ಮಾತ್ರ ಎಲ್ಲರೂ ಓದಿ.

ಕಂಪ್ಯೂಟರ್ ಬಿಟ್ಟು ಮೊದಲು ಎದ್ದು ಹೋಗಬೇಕಾದ ಸಂದರ್ಭಗಳು

ಕೆಲವು ತಪ್ಪುಗಳಿಗೆ ಕಾರಣ ಹುಡುಕುತ್ತ ಕೂರುವ ಹೊತ್ತಿಲ್ಲ.

ಭತ್ತ ಬೇಯಿಸುವ ಮಿಲ್ಲಿನಲ್ಲಿ ಬಾಯ್ಲರ್ ಉರಿಯುತ್ತಿದೆ, ಈ ಪಾಳಿಗೆ ಪ್ರಮಾಣಪತ್ರ ಇರುವ ಬಾಯ್ಲರ್ ಅಟೆಂಡೆಂಟ್ ಯಾರೂ ಬಂದಿಲ್ಲ. ಹಿಂದಿನ ಪಾಳಿಯ ಅಟೆಂಡೆಂಟ್ ಗೇಟು ದಾಟುವ ಮುಂಚೆಯೇ ಈ ಸಂಗತಿ ಮ್ಯಾನೇಜರಿಗೆ ಗೊತ್ತಾಗಬೇಕು. ಬದಲಿ ಸಿಗದಿದ್ದರೆ ಬಾಯ್ಲರ್ ಇಳಿಸುವ ಕೆಲಸವನ್ನು ಆ ಅಟೆಂಡೆಂಟ್ ಕೈಯಲ್ಲೇ ಮಾಡಿಸಿ. ಪಕ್ಕದಲ್ಲಿ ನಿಂತ ಹಮಾಲನಿಗೆ 'ಸ್ವಲ್ಪ ನೋಡ್ಕೊ' ಅಂತ ಹೇಳಿ ಹೋಗುವುದು ಬೇಡ.

ಪಟ್ಟಿಯ ತಪ್ಪಿನಿಂದ ಒಬ್ಬ ಮನುಷ್ಯ ರಾತ್ರಿ ಪಾಳಿ ಮುಗಿಸಿ ಹಾಗೇ ಬೆಳಗಿನ ಪಾಳಿಗೂ ನಿಂತಿದ್ದಾನೆ. ಅವನನ್ನು ಕ್ರೇನು, ಕುಲುಮೆ, ಫೋರ್ಕ್‌ಲಿಫ್ಟ್, ಲಾರಿ ಸ್ಟಿಯರಿಂಗ್, ತಿರುಗುವ ಬೆಲ್ಟು, ಇವುಗಳ ಹತ್ತಿರದಿಂದ ತೆಗೆಯಿರಿ. ನರ್ಸ್ ಆಗಿದ್ದರೆ ಇಂಜೆಕ್ಷನ್, ಔಷಧ ಕೊಡುವ ಜವಾಬ್ದಾರಿಯಿಂದ ಬಿಡಿಸಿ. 'ನಂಗೇನಾಗಿಲ್ರಿ, ಮಾಡ್ತೀನಿ' ಅಂತ ಅವರೇ ಹೇಳುತ್ತಾರೆ. ಹದಿನಾರು ತಾಸು ಎಚ್ಚರ ಇದ್ದವರಿಗೆ ತಮ್ಮ ದಣಿವು ತಮಗೇ ಸರಿಯಾಗಿ ತಿಳಿಯುವುದಿಲ್ಲ.

ಇನ್ನು ಕಂಪ್ಯೂಟರಿನ ಜಾಗ್ರತೆ. ಏನನ್ನು ಮುಟ್ಟುವುದಕ್ಕೂ ಮುಂಚೆ ಫೈಲಿನ ಒಂದು ನಕಲು ತೆಗೆದು, ದಿನಾಂಕ ಹಾಕಿ ಬೇರೆ ಕಡೆ ಇಡಿ. ಹಾಜರಿ ಯಂತ್ರದಿಂದ ಬಂದ ಮೂಲ ಪಂಚ್ ದಾಖಲೆಯನ್ನು, ಅಂದರೆ ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಹೊರಗೆ ಹೋದರು ಎಂಬುದನ್ನು, ಅಳಿಸಬೇಡಿ, ಪಟ್ಟಿಗೆ ಹೊಂದಲಿ ಅಂತ ತಿದ್ದಲೂ ಬೇಡಿ. ಕೂಲಿಯ ಲೆಕ್ಕ ಅದರ ಮೇಲೆ ನಿಂತಿದೆ. ತಿದ್ದುಪಡಿ ಬೇಕಾದರೆ ಪಕ್ಕದ ಕಾಲಮ್ಮಿನಲ್ಲಿ ಬರೆದು, ಯಾರು ಏಕೆ ತಿದ್ದಿದರು ಎಂಬುದನ್ನೂ ಬರೆಯಿರಿ.

ಲಕ್ಷಣ: ಬೋರ್ಡಿನ ಮೇಲೆ ಒಂದು ಪಾಳಿ, ಮೊಬೈಲಿನಲ್ಲಿ ಇನ್ನೊಂದು

ಕೆಲಸಗಾರ ಬಂದು 'ನಂದು ಸೆಕೆಂಡ್ ಅಂತ ಗ್ರೂಪಿನ್ಯಾಗ ಬಂದಿತ್ತಲ್ರಿ' ಅಂತ ಫೋಟೊ ತೋರಿಸುತ್ತಾನೆ. ಬೋರ್ಡಿನಲ್ಲಿ ಅವನ ಹೆಸರು ಫಸ್ಟ್ ಶಿಫ್ಟಿನಲ್ಲಿದೆ. ಇಲ್ಲಿ ಲೆಕ್ಕ ತಪ್ಪಿಲ್ಲ, ಪಟ್ಟಿಗಳೇ ಎರಡಾಗಿವೆ. ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಇದೇ, ಎಲ್ಲಕ್ಕಿಂತ ಸುಲಭವಾಗಿ ಹೋಗುವುದೂ ಇದೇ.

ಪಟ್ಟಿ ಮಾಡುವವರ ಕಂಪ್ಯೂಟರ್ ತೆರೆದು ಅದೇ ವಾರದ ಫೈಲು ಎಷ್ಟಿವೆ ನೋಡಿ. 'ಫೈನಲ್', 'ಫೈನಲ್ 2', 'ಹೊಸಾ ಫೈನಲ್' ಎಂದು ಮೂರು ಸಿಕ್ಕರೆ ಕಾರಣ ಸಿಕ್ಕಂತೆ. ಪರಿಹಾರಕ್ಕೆ ದುಡ್ಡು ಬೇಡ. ಫೈಲು ಒಂದೇ ಇರಲಿ, ಗೂಗಲ್ ಶೀಟಿನಲ್ಲಿದ್ದರೆ ಎಲ್ಲರಿಗೂ ಓದಲು ಮಾತ್ರ ಅನುಮತಿ, ತಿದ್ದಲು ಇಬ್ಬರಿಗೆ. ಹಾಳೆಯ ತಲೆಯ ಮೇಲೆ ದೊಡ್ಡದಾಗಿ ಪ್ರತಿಯ ಸಂಖ್ಯೆ ಮತ್ತು ಹೊರಡಿಸಿದ ದಿನ, ವೇಳೆ. ವಾಟ್ಸಾಪಿಗೆ ಫೋಟೊ ಹಾಕುವಾಗ ಆ ತಲೆಬರಹ ಕತ್ತರಿಸಿ ಹೋಗದಿರಲಿ. ಪಟ್ಟಿ ಬದಲಾದರೆ ಯಾರ ಪಾಳಿ ಬದಲಾಯಿತೋ ಅವರಿಗೆ ಫೋನ್ ಮಾಡಿಯೇ ಹೇಳಬೇಕು. ಗ್ರೂಪಿಗೆ ಹಾಕಿ ಕೈ ತೊಳೆದುಕೊಳ್ಳುವುದು ಸರಿಯಲ್ಲ. ಬಹಳ ಜನರ ಮನೆಯಲ್ಲಿ ಸ್ಮಾರ್ಟ್‌ಫೋನ್ ಒಂದೇ ಇರುತ್ತದೆ, ಅದೂ ಮಗನ ಕೈಯಲ್ಲಿ.

ಲಕ್ಷಣ: ಒಬ್ಬನ ಹೆಸರು ಎರಡು ಕಡೆ, ಇನ್ನೊಬ್ಬನ ಹೆಸರೇ ಇಲ್ಲ

ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಒಂದೇ ಕಾರ್ಖಾನೆಯೊಳಗೆ ನಾಲ್ಕು ಹನುಮಂತಪ್ಪ, ಮೂರು ಬಸವರಾಜ ಇರುವುದು ಸಾಮಾನ್ಯ. ಹುಲಿಗಿ ಕಡೆಯವರಾದರೆ ಹುಲಿಗೆಮ್ಮ, ಹುಲುಗಪ್ಪಂದಿರ ಸಾಲೇ ಇರುತ್ತದೆ. ಹೆಸರನ್ನೇ ಗುರುತಾಗಿಟ್ಟು ಪಟ್ಟಿ ಮಾಡಿದರೆ ತಪ್ಪುವುದು ಖಂಡಿತ. ಪ್ರತಿಯೊಬ್ಬರಿಗೂ ಒಂದು ನಂಬರು, ಪಟ್ಟಿಯ ಎಲ್ಲ ಲೆಕ್ಕವೂ ಆ ನಂಬರಿನ ಮೇಲೆ. ಹೆಸರು ಓದುವುದಕ್ಕೆ ಮಾತ್ರ.

ನಂಬರು ಇದ್ದೂ ತಪ್ಪುತ್ತಿದ್ದರೆ ಈ ನಾಲ್ಕನ್ನು ಕ್ರಮವಾಗಿ ನೋಡಿ.

ಮೊದಲನೆಯದು ಮುಂದಿನ ಸೊನ್ನೆ. ಹಾಜರಿ ಯಂತ್ರದಲ್ಲಿ 0045, ಎಕ್ಸೆಲ್ಲಿನಲ್ಲಿ ಬರೀ 45. ಎರಡೂ ಒಂದೇ ಎಂದು ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಆ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಎಂದು ಗುರುತಿಸಿ ಆಮೇಲೆ ನಂಬರು ತುಂಬಿಸಿ.

ಎರಡನೆಯದು ವಿಲುಕಪ್ (VLOOKUP), ನಂಬರು ಕೊಟ್ಟರೆ ಮೂಲ ಪಟ್ಟಿಯಿಂದ ಹೆಸರು ಹುಡುಕಿ ತರುವ ಫಾರ್ಮುಲಾ. ಈ ಫಾರ್ಮುಲಾದ ಕೊನೆಯ ಭಾಗವನ್ನು ಖಾಲಿ ಬಿಟ್ಟರೆ ಅದು 'ಹತ್ತಿರದ ಹೊಂದಿಕೆ' ಹುಡುಕುತ್ತದೆ. ಕೆಲಸ ಬಿಟ್ಟುಹೋದ 118ನೇ ನಂಬರಿನ ಸಾಲನ್ನು ನೀವು ಅಳಿಸಿದ್ದೀರಿ, ಪಟ್ಟಿಯ ಮೂಲೆಯಲ್ಲೆಲ್ಲೋ 118 ಉಳಿದಿದೆ. ಆಗ 'ಸಿಗಲಿಲ್ಲ' ಅನ್ನುವ ಬದಲು ಅದು 117ರವರ ಹೆಸರನ್ನು ತಂದು ಕೂರಿಸುತ್ತದೆ. 117ರ ಮನುಷ್ಯನಿಗೆ ಒಂದೇ ದಿನ ಎರಡು ಪಾಳಿ ಬೀಳುವುದು ಹೀಗೆ. ಕೊನೆಯ ಭಾಗದಲ್ಲಿ ಫಾಲ್ಸ್ ಎಂದು ಹಾಕಿದರೆ ನಿಖರ ಹೊಂದಿಕೆ ಮಾತ್ರ ಬರುತ್ತದೆ, ಇಲ್ಲದಿದ್ದರೆ ದೋಷ ಎಂದು ತೋರುತ್ತದೆ. ದೋಷ ಕಣ್ಣಿಗೆ ಕಾಣುವುದು ಒಳ್ಳೆಯದು. ಅದನ್ನು ಮುಚ್ಚುವ ಫಾರ್ಮುಲಾ ಹಾಕಬೇಡಿ.

ಮೂರನೆಯದು ಹೆಸರಿನ ಹಿಂದೆ ಬಿದ್ದ ಖಾಲಿ ಜಾಗ. ಟ್ರಿಮ್ ಫಾರ್ಮುಲಾ ಸಾಕು.

ನಾಲ್ಕನೆಯದು ಕನ್ನಡದಲ್ಲಿ ಹೆಸರು ಹೊಡೆಯುವವರಿಗೆ ಮಾತ್ರ ಬರುವ ತೊಂದರೆ, ಹೊರಗಿನ ಸಾಫ್ಟ್‌ವೇರ್ ಕಂಪನಿಯವರಿಗೆ ಹೇಳಿದರೂ ಅವರಿಗೆ ಬೇಗ ಹೊಳೆಯುವುದಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಹೊಡೆದ ಹೆಸರು ಯೂನಿಕೋಡ್ ಸಾಫ್ಟ್‌ವೇರಿಗೆ ಹೋದಾಗ ಅರ್ಥವಿಲ್ಲದ ಅಕ್ಷರಗಳಾಗುತ್ತದೆ. ಇದು ಕೂಡಲೇ ಕಾಣುವುದರಿಂದ ಪರಿವರ್ತಕ ಬಳಸಿ ಸರಿಪಡಿಸಬಹುದು. ಕಾಣದೆ ಕಾಡುವುದು ಇನ್ನೊಂದಿದೆ. ಯೂನಿಕೋಡಿನಲ್ಲೇ ಹೊಡೆದ 'ಶರಣ್‌ಕುಮಾರ್' ಎಂಬ ಹೆಸರಿನಲ್ಲಿ ಣ್ ಮತ್ತು ಕು ಅಂಟದಂತೆ ಬಿಡಿಸಿ ನಿಲ್ಲಿಸುವ ಅದೃಶ್ಯ ಅಕ್ಷರವೊಂದು ಇರುತ್ತದೆ. ಅದೇ ಅಕ್ಷರ ಹೆಸರಿನ ಕೊನೆಗೋ ನಡುವೆಯೋ ಕಾರಣವಿಲ್ಲದೆ ಸೇರಿಕೊಂಡರೆ, ಪರದೆಯ ಮೇಲೆ ಎರಡು ಹೆಸರು ಒಂದೇ ತರಹ ಕಾಣುತ್ತವೆ, ಹುಡುಕಿದರೆ ಹೊಂದುವುದಿಲ್ಲ. ಟ್ರಿಮ್ ಇದನ್ನು ತೆಗೆಯುವುದಿಲ್ಲ. ಎಕ್ಸೆಲ್ಲಿನ ಲೆನ್ ಫಾರ್ಮುಲಾದಿಂದ ಎರಡೂ ಹೆಸರಿನ ಉದ್ದ ನೋಡಿ. ಒಂದು ಹೆಚ್ಚು ಬಂದರೆ ಸಬ್‌ಸ್ಟಿಟ್ಯೂಟ್ ಫಾರ್ಮುಲಾದಲ್ಲಿ ಯೂನಿಚಾರ್ 8204 (ಆ ಅದೃಶ್ಯ ಅಕ್ಷರ) ಮತ್ತು 8205 (ಅದರ ಜೋಡಿ) ಎರಡನ್ನೂ ಖಾಲಿಗೆ ಬದಲಿಸಿ, ಹೋಲಿಕೆಗಷ್ಟೇ ಬಳಸುವ ಒಂದು ಕಾಲಮ್ಮು ಮಾಡಿಕೊಳ್ಳಿ. ಮುದ್ರಣಕ್ಕೆ ಮೂಲ ಹೆಸರೇ ಇರಲಿ, ಜನರ ಹೆಸರನ್ನು ಕೆಡಿಸಬಾರದು.

ಲಕ್ಷಣ: 'ರಾತ್ರಿ ಡ್ಯೂಟಿ ಮಾಡೀನ್ರಿ, ಪಗಾರದಾಗ ಗೈರು ಅಂತ ಬಂದದ'

ಹಗಲು ಪಾಳಿಯವರ ಹಾಜರಿ ಸರಿಯಿದೆ, ರಾತ್ರಿಯವರದು ಮಾತ್ರ ಕೆಟ್ಟಿದೆ. ಅಥವಾ ರಾತ್ರಿಯವರಿಗೆ ನಂಬಲಾಗದಷ್ಟು ಓಟಿ (ಓವರ್‌ಟೈಮ್) ಬಂದಿದೆ. ಎರಡೂ ಒಂದೇ ರೋಗದ ಎರಡು ಮುಖ.

ಒಬ್ಬರ ಎರಡು ದಿನದ ಪಂಚ್ ತೆಗೆದು ಕಾಗದದ ಮೇಲೆ ಬರೆಯಿರಿ. 14ನೇ ತಾರೀಕು ರಾತ್ರಿ 21:48ಕ್ಕೆ ಒಳಗೆ. 15ರ ಬೆಳಿಗ್ಗೆ 06:10ಕ್ಕೆ ಹೊರಗೆ. 15ರ ರಾತ್ರಿ 21:50ಕ್ಕೆ ಮತ್ತೆ ಒಳಗೆ. ಮಧ್ಯರಾತ್ರಿಗೆ ದಿನ ಮುಗಿಯಿತು ಎಂದು ನಂಬಿರುವ ಸಾಫ್ಟ್‌ವೇರ್ 15ನೇ ತಾರೀಕಿನ ಎರಡು ಪಂಚನ್ನು ಜೋಡಿಸುತ್ತದೆ: 06:10ಕ್ಕೆ ಬಂದ, 21:50ಕ್ಕೆ ಹೋದ. ಅಂದರೆ 15 ಗಂಟೆ 40 ನಿಮಿಷ, ಅದರಲ್ಲಿ 7 ಗಂಟೆ 40 ನಿಮಿಷ ಓಟಿ. 14ರಂದು ಒಂದೇ ಪಂಚ್, ಆದ್ದರಿಂದ ಗೈರು. ಆ ಮನುಷ್ಯ ಮನೆಯಲ್ಲಿ ಮಲಗಿದ್ದ ಹೊತ್ತನ್ನೇ ಕೆಲಸದ ಹೊತ್ತೆಂದು ಯಂತ್ರ ಓದಿದೆ.

ಕಾನೂನು ಈ ವಿಷಯದಲ್ಲಿ ಮೊದಲಿಂದಲೂ ಸ್ಪಷ್ಟ. ಮಧ್ಯರಾತ್ರಿ ದಾಟಿದ ಪಾಳಿಯ ಗಂಟೆಗಳನ್ನು ಹಿಂದಿನ ದಿನಕ್ಕೇ ಸೇರಿಸಬೇಕು, ಅಂಥವರ ವಾರದ ರಜೆ ಎಂದರೆ ಪಾಳಿ ಮುಗಿದ ಹೊತ್ತಿನಿಂದ ಪೂರ್ತಿ 24 ಗಂಟೆ ಎಂದು 1948ರ ಕಾರ್ಖಾನೆ ಕಾಯ್ದೆಯ 57ನೇ ಸೆಕ್ಷನ್ನಿನಲ್ಲೇ ಬರೆದಿತ್ತು. ಸಾಫ್ಟ್‌ವೇರಿಗೂ ಅದನ್ನೇ ಕಲಿಸಬೇಕು. ಶಿಫ್ಟ್ ಸೆಟ್ಟಿಂಗಿನಲ್ಲಿ 'ಮರುದಿನ ಮುಗಿಯುತ್ತದೆ' ಎಂಬ ಅರ್ಥದ ಗುರುತು ಇದ್ದರೆ ಹಾಕಿ. ಇಲ್ಲದಿದ್ದರೆ ರಾತ್ರಿ ಪಾಳಿಯವರಿಗೆ ದಿನ ಬದಲಾಗುವ ಹೊತ್ತನ್ನು ಮಧ್ಯರಾತ್ರಿಯಿಂದ ತೆಗೆದು, ಅವರು ಹೊರಗೆ ಹೋದ ಮೇಲೆ ಮತ್ತೆ ಒಳಗೆ ಬರುವ ಮುಂಚಿನ ವೇಳೆಗೆ ಇಡಿ.

ಸೆಟ್ಟಿಂಗ್ ಸರಿಯಿದ್ದೂ ತಪ್ಪು ನಿಲ್ಲದಿದ್ದರೆ ಯಂತ್ರದ ಹತ್ತಿರ ಹೋಗಿ. ಅದರ ಗಡಿಯಾರವನ್ನು ನಿಮ್ಮ ಮೊಬೈಲಿನ ಜೊತೆ ಹೋಲಿಸಿ. ಐದು ನಿಮಿಷದ ಹೆಚ್ಚುಕಡಿಮೆ ಇದ್ದರೆ ತಡವಾಗಿ ಬಂದರು ಎಂಬ ದೂರು ಬರುತ್ತಿರುತ್ತದೆ. ಕರೆಂಟು ಹೋಗಿ ಬಂದ ಮೇಲೆ ದಿನಾಂಕವೇ ವರ್ಷಗಟ್ಟಲೆ ಹಿಂದಕ್ಕೆ ಜಿಗಿದಿದ್ದರೆ ಒಳಗಿನ ಬಟನ್ ಸೆಲ್ ಸತ್ತಿದೆ ಎಂದರ್ಥ. ಸೆಲ್ ಅಗ್ಗದ್ದು. ಆದರೆ ಗೇಟಿನ ಯಂತ್ರಕ್ಕೆ ಬಾಗಿಲಿನ ಬೀಗ, ಯುಪಿಎಸ್ ವೈರು ಎಲ್ಲ ಒಟ್ಟಿಗೆ ಬಂದಿರುತ್ತವೆ. ಮುಚ್ಚಳ ತೆಗೆಯುವುದನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ, ಮೇನ್ ಆಫ್ ಮಾಡಿಸಿಯೇ ತೆಗೆಸಿ.

ಎಲ್ಲರ ಪಂಚೂ ಸರಿಯಾಗಿ ಐದೂವರೆ ಗಂಟೆ ಹಿಂದೆ ಕಾಣುತ್ತಿದೆಯೇ? ಫಸ್ಟ್ ಶಿಫ್ಟಿಗೆ 5:50ಕ್ಕೆ ಬಂದವರು 00:20ಕ್ಕೆ ಬಂದಂತೆ, ಸೆಕೆಂಡಿಗೆ 13:50ಕ್ಕೆ ಬಂದವರು 8:20ಕ್ಕೆ ಬಂದಂತೆ? ಹಾಗಿದ್ದರೆ ಸರ್ವರು ಭಾರತದ ವೇಳೆಯಲ್ಲಿಲ್ಲ, ಯುಟಿಸಿ ಎಂಬ ಜಾಗತಿಕ ಪ್ರಮಾಣ ವೇಳೆಯಲ್ಲಿದೆ. ಟೈಮ್ ಝೋನ್ ಏಷ್ಯಾ/ಕೋಲ್ಕತ್ತಾ ಎಂದು ಬದಲಿಸಿ. ಬದಲಿಸಿದ ಮೇಲೆ ಹಳೆಯ ದಾಖಲೆ ತಾನಾಗಿ ಸರಿಯಾಯಿತೋ ಇಲ್ಲವೋ ಎಂದು ಒಂದು ಹಳೆಯ ದಿನ ತೆಗೆದು ನೋಡಿ.

ಫ್ರಾಪೆ ಎಚ್‌ಆರ್ ಎಂಬ ಮುಕ್ತ ತಂತ್ರಾಂಶ ಬಳಸುವವರು ಶಿಫ್ಟ್ ಟೈಪ್ ಪುಟದಲ್ಲಿ ಇನ್ನೆರಡನ್ನು ನೋಡಬೇಕು. ಯಂತ್ರದಿಂದ ಪಂಚ್ ಕೊನೆಯ ಬಾರಿ ಬಂದ ವೇಳೆಯನ್ನು ಅಲ್ಲಿ 'ಲಾಸ್ಟ್ ಸಿಂಕ್ ಆಫ್ ಚೆಕಿನ್' ಎಂಬ ಕಡೆ ಇಟ್ಟಿರುತ್ತಾರೆ. ಅದು ಹಳೆಯ ದಿನಾಂಕದಲ್ಲೇ ನಿಂತಿದ್ದರೆ ಅದರ ನಂತರ ಮುಗಿದ ಪಾಳಿಗಳಿಗೆ ಹಾಜರಿ ಬೀಳುವುದೇ ಇಲ್ಲ. ಇನ್ನೊಂದು, ಪಾಳಿ ಶುರುವಾಗುವ ಎಷ್ಟು ನಿಮಿಷ ಮುಂಚಿನ ಪಂಚನ್ನು ಒಪ್ಪಬೇಕು ಎಂಬ ಮಿತಿ. ಇದು ನಮ್ಮ ಕಡೆ ಬಹಳ ಮುಖ್ಯ. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಯಿಂದ ಬರುವವರಿಗೆ ಬಸ್ಸು ಇರುವುದೇ ಒಂದೋ ಎರಡೋ. ಪಾಳಿಗೆ ಒಂದೂವರೆ ತಾಸು ಮುಂಚೆ ಬಂದು, ಹೆಬ್ಬೆಟ್ಟು ಇಟ್ಟು, ಮರದ ಕೆಳಗೆ ಕೂತಿರುತ್ತಾರೆ. ಮಿತಿ 60 ನಿಮಿಷ ಇದ್ದರೆ ಅವರ ಪಂಚ್ ಯಾವ ಪಾಳಿಗೂ ಸೇರುವುದಿಲ್ಲ. ಬಸ್ಸಿನ ವೇಳೆ ನೋಡಿ ಮಿತಿ ಹೆಚ್ಚಿಸಿ.

ಕೊನೆಗೆ ಬೆರಳು. ಜೀನ್ಸ್ ವಾಷಿಂಗಿನ ಬ್ಲೀಚು, ಸುಣ್ಣ, ಸಿಮೆಂಟು ಮುಟ್ಟುವವರ ಬೆರಳ ಗೆರೆ ಸವೆದಿರುತ್ತದೆ. ಒಂದೇ ವಿಭಾಗದವರಿಗೆ ಹಾಜರಿ ಬೀಳುತ್ತಿಲ್ಲ ಎಂದರೆ ಯಂತ್ರ ಹಾಳಾಗಿದೆ ಎನ್ನುವ ಮುಂಚೆ ಅವರ ಕೈ ನೋಡಿ. ಆ ವಿಭಾಗಕ್ಕೆ ಕಾರ್ಡು ಅಥವಾ ಮುಖ ಗುರುತಿಸುವ ಯಂತ್ರ ಕೊಡಿ, ಅಲ್ಲಿಯವರೆಗೆ ಸೂಪರ್‌ವೈಸರ್ ಸಹಿ ಮಾಡಿದ ಹಾಜರಿ ಪುಸ್ತಕವನ್ನು ಪೂರ್ತಿಯಾಗಿ ಒಪ್ಪಿಕೊಳ್ಳಿ. ಕೆಲಸ ಮಾಡಿ ಕೈ ಸವೆದವರ ಕೂಲಿಯನ್ನೇ ಅದೇ ಕಾರಣಕ್ಕೆ ಕತ್ತರಿಸುವುದು ದೊಡ್ಡ ಅನ್ಯಾಯ.

ಲಕ್ಷಣ: ವಾರದ ಗಂಟೆ 4 ಎಂದು ತೋರುತ್ತದೆ, ಅಥವಾ ಬರೀ #####

52 ಗಂಟೆ ದುಡಿದವರ ಮುಂದೆ 4:00. ಸರಿಯಾಗಿ 48 ಗಂಟೆ ದುಡಿದವರ ಮುಂದೆ 0:00. ಎಕ್ಸೆಲ್ ಮೊತ್ತವನ್ನು ಗಡಿಯಾರದ ವೇಳೆ ಎಂದು ತಿಳಿದು ಪ್ರತಿ 24ಕ್ಕೆ ಸುತ್ತು ಹೊಡೆಯುತ್ತಿದೆ. ಒಳಗಿನ ಲೆಕ್ಕ ಸರಿಯಿದೆ, ತೋರಿಸುವ ರೀತಿ ಮಾತ್ರ ತಪ್ಪು. ಸೆಲ್ ಫಾರ್ಮ್ಯಾಟಿನ ಟೈಮ್ ಪಟ್ಟಿಯಲ್ಲಿ 37:30:55 ಎಂದು ಮಾದರಿ ಇರುವುದನ್ನು ಆರಿಸಿ. ಗೂಗಲ್ ಶೀಟಿನಲ್ಲಿ ಅದಕ್ಕೆ ಡ್ಯುರೇಶನ್ ಎನ್ನುತ್ತಾರೆ.

##### ಬಂದರೆ ಕಾಲಮ್ಮನ್ನು ಅಗಲ ಮಾಡಿ. ಹೋಗದಿದ್ದರೆ ವೇಳೆ ಋಣಾತ್ಮಕವಾಗಿದೆ: 22:00ಕ್ಕೆ ಶುರು, 06:00ಕ್ಕೆ ಮುಕ್ತಾಯ, ಕಳೆದರೆ ಸೊನ್ನೆಗಿಂತ ಕಡಿಮೆ. ಮುಕ್ತಾಯದಿಂದ ಆರಂಭ ಕಳೆದದ್ದನ್ನು ಮಾಡ್ (MOD) ಫಾರ್ಮುಲಾದೊಳಗಿಟ್ಟು, ಅದರ ಎರಡನೇ ಭಾಗದಲ್ಲಿ 1 ಹಾಕಿ. 8:00 ಸಿಗುತ್ತದೆ.

ಲಕ್ಷಣ: ತಿಂಗಳ ಮೊದಲ 12 ದಿನ ಚದುರಿವೆ, 13ರಿಂದ ಬೇರೆ ತರಹ

ಏಪ್ರಿಲ್ 3ರ ಪಾಳಿ ಮಾರ್ಚ್ 4ಕ್ಕೆ ಹೋಗಿ ಕೂತಿದೆ. 13ನೇ ತಾರೀಕಿನಿಂದ ಮುಂದಿನವು ಸೆಲ್ಲಿನ ಎಡಕ್ಕೆ ಅಂಟಿವೆ. ಕಂಪ್ಯೂಟರಿನ ದಿನಾಂಕ ಪದ್ಧತಿ ಅಮೆರಿಕದ್ದು, ತಿಂಗಳು ಮೊದಲು. 13ನೇ ತಿಂಗಳು ಇಲ್ಲದ ಕಾರಣ ಅವು ಬರೀ ಅಕ್ಷರವಾಗಿ ಉಳಿದಿವೆ. ವಿಂಡೋಸಿನ ರೀಜನ್ ಸೆಟ್ಟಿಂಗನ್ನು ಭಾರತಕ್ಕೆ ಬದಲಿಸಿ, ಮೂಲ ಫೈಲನ್ನು ಮತ್ತೆ ಹೊಸದಾಗಿ ತೆರೆಯಿರಿ. ಕೆಟ್ಟ ಫೈಲನ್ನೇ ಕೈಯಿಂದ ತಿದ್ದಲು ಹೋಗಬೇಡಿ, ಯಾವುದು ತಿರುಗಿದೆ ಯಾವುದು ಇಲ್ಲ ಎಂದು ತಿಳಿಯದೆ ಇನ್ನಷ್ಟು ಕೆಡುತ್ತದೆ.

ಲಕ್ಷಣ: ಪಟ್ಟಿ ಲೆಕ್ಕಕ್ಕೆ ಸರಿ, ಆದರೆ ಜನ ನಿದ್ದೆಗಣ್ಣಲ್ಲಿ ಬರುತ್ತಾರೆ

ಯಾರಿಗೂ ಒಂದೇ ದಿನ ಎರಡು ಪಾಳಿ ಇಲ್ಲ, ವಾರಕ್ಕೆ 48 ದಾಟಿಲ್ಲ, ಸಾಫ್ಟ್‌ವೇರ್ ಹಸಿರು ಬಣ್ಣ ತೋರಿಸುತ್ತಿದೆ. ಆದರೂ ಸೋಮವಾರ ಬೆಳಿಗ್ಗೆ ಗೈರು ಹೆಚ್ಚು. ಪಾಳಿ ಸುತ್ತುವ ದಿಕ್ಕು ನೋಡಿ. ಸೆಕೆಂಡ್ ಶಿಫ್ಟ್ ರಾತ್ರಿ 10ಕ್ಕೆ ಮುಗಿಸಿ ಬೆಳಿಗ್ಗೆ 6ಕ್ಕೆ ಫಸ್ಟಿಗೆ ಬರುವವರಿಗೆ ನಡುವೆ 8 ತಾಸು. ಹೋಗಲು ಒಂದು, ಬರಲು ಒಂದು, ಊಟ ಸ್ನಾನಕ್ಕೆ ಒಂದು ತೆಗೆದರೆ ಉಳಿದ ನಿದ್ದೆ ಐದು. ಎರಡೂ ಬೇರೆ ಬೇರೆ ದಿನಾಂಕ ಆದ್ದರಿಂದ ಸಾಫ್ಟ್‌ವೇರಿಗೆ ಇದು ತಪ್ಪೆಂದೇ ಅನಿಸುವುದಿಲ್ಲ.

ಫಸ್ಟ್, ಸೆಕೆಂಡ್, ನೈಟ್ ಎಂದು ಮುಂದಕ್ಕೆ ಸುತ್ತಿಸಿದರೆ ಪ್ರತಿ ಬದಲಾವಣೆಗೂ 24 ತಾಸು ಸಿಗುತ್ತದೆ, ನಡುವೆ ವಾರದ ರಜೆ ಇಟ್ಟರೆ 48. ಹಿಂದಕ್ಕೆ ಸುತ್ತಿಸುವುದನ್ನು ನಿಲ್ಲಿಸಿ. ಜೊತೆಗೆ 'ಹಿಂದಿನ ಪಾಳಿ ಮುಗಿದು 12 ತಾಸಾಗದೆ ಹೆಸರು ಹಾಕಬಾರದು' ಎಂಬ ನಿಯಮ ಸೇರಿಸಿ. ಎಕ್ಸೆಲ್ಲಿನಲ್ಲಾದರೆ ಅಂತರದ ಕಾಲಮ್ಮು ಮಾಡಿ, 12ಕ್ಕಿಂತ ಕಡಿಮೆ ಇದ್ದದ್ದು ಕೆಂಪಾಗಲಿ. ಇದೊಂದೇ ಬದಲಾವಣೆ ಮಾಡಲು ನಿಮಗೆ ಪುರುಸೊತ್ತು ಇರುವುದಾದರೆ ಇದನ್ನೇ ಮಾಡಿ ಎಂದು ನಾನು ಹೇಳುವೆ.

ಲಕ್ಷಣ: ತಲೆ ಎಣಿಕೆ ಸರಿ, ಆದರೆ ಕೆಲಸ ಗೊತ್ತಿರುವವರು ಇಲ್ಲ

ಪಾಳಿಗೆ ಆರು ಜನ ಬೇಕು, ಆರು ಜನ ಇದ್ದಾರೆ. ಕ್ರೇನ್ ಓಡಿಸುವವರು ಅವರಲ್ಲಿ ಇಲ್ಲ. ಪಟ್ಟಿಗೆ ಜನ ಗೊತ್ತು, ಕೈಕೆಲಸ ಗೊತ್ತಿಲ್ಲ. ಕೆಲಸಗಾರರ ಮೂಲ ಪಟ್ಟಿಯಲ್ಲಿ ಯಾರು ಯಾವ ಕೆಲಸ ಮಾಡಬಲ್ಲರು, ಪ್ರಮಾಣಪತ್ರ ಇದ್ದರೆ ಅದರ ಅವಧಿ ಎಂದಿಗೆ ಮುಗಿಯುತ್ತದೆ ಎಂಬ ಕಾಲಮ್ಮು ಸೇರಿಸಿ. ಅವಧಿ ಮುಗಿದ ಮರುದಿನದಿಂದ ಆ ಹುದ್ದೆಗೆ ಅವರ ಹೆಸರು ಬರಬಾರದು. ಚೀಲದ ಲೆಕ್ಕಕ್ಕೆ ಕೂಲಿ ಪಡೆಯುವ ಹಮಾಲರ ಗ್ಯಾಂಗನ್ನು ಗಂಟೆಯ ಪಾಳಿಯ ಪಟ್ಟಿಯೊಳಗೆ ತುರುಕಬೇಡಿ, ಅವರಿಗೆ ಬೇರೆ ಹಾಳೆ ಇರಲಿ.

ಲಕ್ಷಣ: ಏನು ಮಾಡಿದರೂ ಖಾಲಿ ಖಾನೆ ಉಳಿಯುತ್ತದೆ

ಸಾಫ್ಟ್‌ವೇರ್ 'ಸಾಧ್ಯವಿಲ್ಲ' ಎನ್ನುತ್ತದೆ, ಅಥವಾ ಕೆಲವು ಖಾನೆ ಖಾಲಿ ಬಿಡುತ್ತದೆ. ಮೇಸ್ತ್ರಿ ಕೈಯಿಂದ ತುಂಬುತ್ತಾನೆ, ಯಾವಾಗಲೂ ಅದೇ ನಾಲ್ಕು ಜನರ ಹೆಸರು. ಬೈಗುಳ ಸಾಫ್ಟ್‌ವೇರಿಗೆ ಬೀಳುತ್ತದೆ. ಆದರೆ ಬಹಳ ಸಲ ಅದು ಹೇಳುತ್ತಿರುವುದು ನಿಜ.

ಒಂದು ಕಾಗದ ತೆಗೆದುಕೊಳ್ಳಿ. ಹಗಲು ರಾತ್ರಿ, ವಾರದ ಏಳೂ ದಿನ ಒಬ್ಬರು ಇರಲೇಬೇಕಾದ ಕೆಲಸದ ಒಂದು ಜಾಗಕ್ಕೆ ವಾರಕ್ಕೆ 24 × 7 = 168 ಗಂಟೆ ಬೇಕು. ಒಬ್ಬರು ಕೊಡಬಹುದಾದದ್ದು 48. ಭಾಗಿಸಿದರೆ 3.5. ಮೂರು ಪಾಳಿ ಇದೆ ಅಂತ ಮೂರು ಜನ ಸಾಕು ಎಂದುಕೊಳ್ಳುವುದೇ ಇಲ್ಲಿಯ ಮೂಲ ತಪ್ಪು.

ಅಂಥ ಆರು ಜಾಗ ಇರುವ ಮಿಲ್ಲಿನಲ್ಲಿ 18 ಜನರನ್ನು ಇಟ್ಟುಕೊಂಡಿದ್ದಾರೆ ಎನ್ನೋಣ. ಬೇಕಾದ್ದು 1008 ಗಂಟೆ, ಇರುವುದು 864. ಕೊರತೆ 144 ಗಂಟೆ, ಅಂದರೆ ವಾರಕ್ಕೆ 18 ಪಾಳಿ. ಜನ 18, ಕೊರತೆ 18 ಪಾಳಿ: ಪ್ರತಿಯೊಬ್ಬರ ವಾರದ ರಜೆಯೂ ಅದರಲ್ಲಿ ಹೋಯಿತು. ಯಾರೂ ಜ್ವರ ಬಂದು ಮಲಗದಿದ್ದರೂ ಇಷ್ಟು.

ವರ್ಷದ ಲೆಕ್ಕ ಇನ್ನೂ ಸ್ಪಷ್ಟ. 365ರಲ್ಲಿ 52 ವಾರದ ರಜೆ, 10 ಹಬ್ಬದ ರಜೆ, 20 ದಿನ ದುಡಿದರೆ ಒಂದರಂತೆ ಸುಮಾರು 15 ಗಳಿಕೆ ರಜೆ, ಕಾಯಿಲೆ ಕಸಾಲೆಗೆಂದು 8 ತೆಗೆದರೆ ಒಬ್ಬರು ಸಿಗುವುದು 280 ದಿನ. ಒಂದು ಜಾಗಕ್ಕೆ ವರ್ಷಕ್ಕೆ 1095 ಪಾಳಿ. ಭಾಗಿಸಿದರೆ 3.9, ಅಂದರೆ ಜಾಗಕ್ಕೆ ನಾಲ್ಕು ಜನ, ಆರು ಜಾಗಕ್ಕೆ 24. ಭತ್ತದ ಸುಗ್ಗಿಯಲ್ಲಿ ಮಿಲ್ಲು ಬಿಡುವಿಲ್ಲದೆ ಓಡುವಾಗ ಇದಕ್ಕೂ ಮೇಲೆ ಬದಲಿಗೆ ನಿಲ್ಲುವ ಒಂದಿಬ್ಬರು ರಿಲೀವರ್ ಬೇಕು.

ಇದು ತುಂಬದ ಹೊರತು ಯಾವ ಸಾಫ್ಟ್‌ವೇರೂ ಪಟ್ಟಿ ಸರಿ ಮಾಡಲಾರದು. ಓಟಿಗೆ ಎರಡು ಪಟ್ಟು ಕೂಲಿ ಕೊಡಲೇಬೇಕು. ಹಾಗೆ ಕೊಡುತ್ತಿರುವ ದುಡ್ಡನ್ನು ಇನ್ನಿಬ್ಬರ ಪಗಾರದ ಪಕ್ಕದಲ್ಲಿಟ್ಟು ಮಾಲೀಕರಿಗೆ ತೋರಿಸಿ. ಬಾಯಿಮಾತಿಗೆ ಕೇಳದವರು ಈ ಎರಡು ಅಂಕಿಗೆ ಕೇಳುತ್ತಾರೆ.

ಜನ ಸಾಕಷ್ಟಿದ್ದೂ ಖಾನೆ ಖಾಲಿ ಉಳಿದರೆ ನಿಯಮಗಳು ಒಂದಕ್ಕೊಂದು ಅಡ್ಡ ಬರುತ್ತಿವೆ. ಮುರಿಯಲೇಬಾರದ್ದು ಮತ್ತು ಆದರೆ ಒಳ್ಳೆಯದು ಎಂದು ಎರಡು ಗುಂಪು ಮಾಡಿ. ವಾರದ ರಜೆ, 12 ತಾಸಿನ ಅಂತರ, ಪ್ರಮಾಣಪತ್ರ, ಹೆಣ್ಣುಮಕ್ಕಳ ಒಪ್ಪಿಗೆ ಇಲ್ಲದೆ ರಾತ್ರಿ ಪಾಳಿ ಇಲ್ಲ, ಇವು ಮೊದಲ ಗುಂಪು. 'ಇಬ್ಬರು ಅಣ್ಣತಮ್ಮಂದಿರು ಒಂದೇ ಪಾಳಿಗಿರಲಿ' ಎಂಬಂಥವು ಎರಡನೆಯದು. ಎರಡನೇ ಗುಂಪಿನ ಒಂದೊಂದನ್ನೇ ತೆಗೆದು ಮತ್ತೆ ಓಡಿಸಿ. ಯಾವುದನ್ನು ತೆಗೆದಾಗ ಪಟ್ಟಿ ತುಂಬಿತೋ ಗಂಟು ಅಲ್ಲಿದೆ. ಮೊದಲ ಗುಂಪನ್ನು ಮುಟ್ಟಬೇಡಿ.

ಲಕ್ಷಣ: ವರ್ಷದ ಕೆಲವೇ ದಿನ ಪಟ್ಟಿ ಪೂರ್ತಿ ಕುಸಿಯುತ್ತದೆ

ಹೊರಗಿಂದ ತಂದ ಸಾಫ್ಟ್‌ವೇರಿನ ರಜಾ ಪಟ್ಟಿಯನ್ನು ಒಮ್ಮೆಯಾದರೂ ಕೂತು ಓದಿ. ಕರ್ನಾಟಕದ 1963ರ ಕಾಯ್ದೆಯ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರ ಜೊತೆ ನವೆಂಬರ್ 1 ಕೂಡ ಸಂಬಳ ಸಹಿತ ರಜೆ, ಮತ್ತೆ ಐದು ಹಬ್ಬದ ರಜೆ. ಬೇರೆ ರಾಜ್ಯದಲ್ಲಿ ತಯಾರಾದ ಪಟ್ಟಿಯಲ್ಲಿ ನವೆಂಬರ್ 1 ಸಾಮಾನ್ಯ ಕೆಲಸದ ದಿನವಾಗಿರುತ್ತದೆ.

ಕಾಯ್ದೆಯಲ್ಲಿ ಇಲ್ಲದಿದ್ದರೂ ಜನ ಬಾರದ ದಿನಗಳು ನಮ್ಮಲ್ಲಿವೆ. ಜನವರಿಯ ಕೊಪ್ಪಳ ಗವಿಮಠದ ಜಾತ್ರೆ, ಹೊಲಕ್ಕೆ ಹೋಗಿ ಚರಗ ಚೆಲ್ಲುವ ಎಳ್ಳಮಾವಾಸ್ಯೆ, ಊರಿಗೆ ಊರೇ ಸೇರುವ ಮೊಹರಂ, ಹುಲಿಗಿಗೆ ಹೋಗುವ ಹುಣ್ಣಿಮೆ. ಕಳೆದ ವರ್ಷದ ಹಾಜರಿ ತೆಗೆದು ಗೈರು ಏರಿದ ದಿನಗಳಿಗೆ ಗುರುತು ಹಾಕಿ, ಪಂಚಾಂಗದ ಜೊತೆ ಹೋಲಿಸಿ. ಹಬ್ಬಗಳು ಇಂಗ್ಲಿಷ್ ತಾರೀಕಿಗೆ ನಿಲ್ಲುವುದಿಲ್ಲ, ಆದ್ದರಿಂದ ಕಳೆದ ವರ್ಷದ ತಾರೀಕನ್ನು ನಕಲು ಮಾಡಬೇಡಿ. ಒಂದು ತಿಂಗಳು ಮುಂಚೆ ಕೇಳಿದರೆ ಯಾರಿಗೆ ಜಾತ್ರೆ, ಯಾರಿಗೆ ಮೊಹರಂ ಎಂದು ಜನರೇ ತಮ್ಮೊಳಗೆ ಅದಲುಬದಲು ಮಾಡಿಕೊಳ್ಳುತ್ತಾರೆ.

ಬೇಸಿಗೆಯದ್ದು ಇನ್ನೊಂದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಾಗುತ್ತವೆ. ನೀವೂ ಹೊರಗಿನ ಕೆಲಸದ ವೇಳೆ ಬದಲಿಸಿದ್ದರೆ ಹಳೆಯ ಪಾಳಿಯನ್ನೇ ತಿದ್ದದೆ 'ಬೇಸಿಗೆ' ಎಂಬ ಹೊಸ ಪಾಳಿ ಮಾಡಿ, ಶುರು ಮತ್ತು ಕೊನೆಯ ತಾರೀಕು ಹಾಕಿ. ಹಳೆಯದನ್ನು ತಿದ್ದಿದರೆ ಹಿಂದಿನ ತಿಂಗಳುಗಳ ಹಾಜರಿಯೂ ಮತ್ತೆ ಲೆಕ್ಕವಾಗಿ ಕೆಡಬಹುದು.

ಇಷ್ಟು ಮಾಡಿಯೂ ನಿಲ್ಲದಿದ್ದರೆ

ಈಗ ಹೊಸ ಸಾಫ್ಟ್‌ವೇರಿನ ಮಾತು ಆಡಬಹುದು. 50 ಜನ, ಎರಡು ಪಾಳಿ ಇರುವ ಕಡೆ ಚೆನ್ನಾಗಿ ಮಾಡಿದ ಶೀಟೇ ಸಾಕು. ಮೂರು ಪಾಳಿ, ಹಲವು ಬಗೆಯ ಕೆಲಸ, ಗುತ್ತಿಗೆದಾರರ ಜನ ಸೇರಿದಾಗ ಕೈಯಲ್ಲಿ ನಿಯಮ ಹಿಡಿದಿಡುವುದು ಕಷ್ಟ, ಅಲ್ಲಿ ಅದು ದುಡ್ಡಿಗೆ ತಕ್ಕ ಕೆಲಸ ಮಾಡುತ್ತದೆ.

ತೋರಿಸಲು ಬಂದವರ ಮುಂದೆ ಅವರ ಮಾದರಿ ಪಟ್ಟಿ ನೋಡಬೇಡಿ, ನಿಮ್ಮ ರಾತ್ರಿ ಪಾಳಿಯ ಎರಡು ದಿನದ ಪಂಚನ್ನೇ ಕೊಟ್ಟು ಓಡಿಸಿ ಎನ್ನಿ. ಅವಧಿ ಮುಗಿದ ಪ್ರಮಾಣಪತ್ರದ ಒಬ್ಬರನ್ನು ಸೇರಿಸಿ, ತಡೆಯುತ್ತದೆಯೋ ನೋಡಿ. ನೆಟ್ ಹೋದಾಗ ಹಾಜರಿ ಯಂತ್ರದಲ್ಲೇ ಉಳಿಯುತ್ತದೆಯೇ, ಯಾರು ಯಾವಾಗ ಪಟ್ಟಿ ತಿದ್ದಿದರು ಎಂಬ ದಾಖಲೆ ಇದೆಯೇ, ಬಿಟ್ಟುಹೋಗುವಾಗ ನಮ್ಮ ಮಾಹಿತಿ ನಮಗೆ ಎಕ್ಸೆಲ್ಲಿನಲ್ಲಿ ಸಿಗುತ್ತದೆಯೇ ಎಂದು ಕೇಳಿ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ತಂದ ಮೇಲೆ ಪಾಳಿ ಪೂರ್ತಿ ಒಂದು ಸುತ್ತು ಬರುವವರೆಗೆ ಮತ್ತು ಒಂದು ಪಗಾರ ಮುಗಿಯುವವರೆಗೆ ಹಳೆಯದನ್ನೂ ಜೊತೆಗೇ ನಡೆಸಿ.

ಮಾರಿದವರನ್ನು ಕರೆಯಬೇಕಾದದ್ದು ಯಾವಾಗ? ಸೆಟ್ಟಿಂಗ್ ಸರಿಯಿದ್ದು, ಪಂಚ್ ಸರಿಯಿದ್ದು, ಕಾಗದದ ಲೆಕ್ಕಕ್ಕೂ ಪರದೆಯ ಲೆಕ್ಕಕ್ಕೂ ತಾಳೆಯಾಗದಿದ್ದಾಗ. ಡೇಟಾಬೇಸ್ ಒಳಗೆ ನೀವೇ ಕೈ ಹಾಕಬೇಡಿ. ಅವರಿಗೆ ಒಬ್ಬರ ನಂಬರು, ಒಂದು ದಿನಾಂಕ, ಮೂಲ ಪಂಚ್, ಪರದೆ ತೋರಿಸಿದ್ದು, ಬರಬೇಕಾಗಿದ್ದದ್ದು, ಇಷ್ಟನ್ನು ಕಳಿಸಿದರೆ ಸಾಕು. ಆಧಾರ್, ಬ್ಯಾಂಕ್ ಖಾತೆ, ಹೆಬ್ಬೆಟ್ಟಿನ ಗುರುತು ಇರುವ ಪೂರ್ತಿ ಫೈಲನ್ನು ವಾಟ್ಸಾಪಿನಲ್ಲಿ ಕಳಿಸಿ ಎಂದು ಕೇಳಿದರೆ ಕೊಡಬೇಡಿ. ಈಗಾಗಲೇ ಕತ್ತರಿಸಿದ ಕೂಲಿಯ ವಿಷಯ ಸಾಫ್ಟ್‌ವೇರಿನವರದಲ್ಲ. ಅದನ್ನು ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಕೆಲಸಗಾರರ ಜೊತೆ ಕೂತು ಲೆಕ್ಕ ಮಾಡಿ, ಬಾಕಿಯನ್ನು ಮುಂದಿನ ಪಗಾರದವರೆಗೆ ಕಾಯಿಸದೆ ಕೊಡಿ. ಒಪ್ಪಂದಕ್ಕೆ ಬಾರದಿದ್ದರೆ ಜಿಲ್ಲೆಯ ಕಾರ್ಮಿಕ ಇಲಾಖೆಯ ಕಚೇರಿ ಇದೆ, ಅಲ್ಲಿಗೆ ಹೋಗುವ ದಾರಿಯನ್ನು ಅವರಿಗೆ ನೀವೇ ಹೇಳಿ.